ಪಿರ ಪೋಲೆ

ನನ್ನ ಗಂಡನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಕಾರ್ಕಳ–ಉಡುಪಿ ಬಸ್ಸಿನಲ್ಲಿ ಕಂಡಕ್ಟರಾಗಿಯೇ ತಲೆ ನರೆತ ಮನುಷ್ಯ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಲ್ಲಿ ಒಂದೇ ಮಂತ್ರ: "ಪಿರ ಪೋಲೆ, ಪಿರ ಪೋಲೆ!" ತುಳುವಿನಲ್ಲಿ ಹಿಂದೆ ಹೋಗಿ ಅಂತ ಅರ್ಥ. ಬಾಗಿಲಲ್ಲಿ ಗುಂಪುಕಟ್ಟಿದವರು ಹಿಂದಕ್ಕೆ ಜರುಗಿದರೆ ಇನ್ನೂ ಹತ್ತು ಜನ ಹಿಡಿಯುತ್ತಾರಲ್ಲ, ಅದಕ್ಕೆ. ಮನೆಗೆ ಬಂದರೂ ಅದೇ ಗಂಟಲು. ಊಟಕ್ಕೆ ಕೂತು ನನ್ನ ಹತ್ತಿರ ಉಪ್ಪು ಕೇಳಿದರೆ, ಶೇಖರನ ಮನೆಯ ಸಾರಿಗೆ ಉಪ್ಪು ಸಾಲದು ಎಂದು ಪರ್ಕಳ ಪೇಟೆಗೆಲ್ಲ ಗೊತ್ತಾಗುತ್ತದೆ.

ಮಗಳು ಮೋಕ್ಷಾ ಈ ಗಂಟಲಿಗೆ ನಾಚುತ್ತಿದ್ದಳು. ಮಣಿಪಾಲದ ಕಾಲೇಜಿನಲ್ಲಿ ಅವಳ ಕ್ಲಾಸಿನವರು ಮೂಗು ಹಿಡಿದುಕೊಂಡು "ಪಿರ ಪೋಲೆ" ಎಂದು ಅಪ್ಪನನ್ನು ಅಣಕಿಸಿದರಂತೆ. ಅಂದಿನಿಂದ ಅಪ್ಪನ ಬಸ್ಸು ಬಂದರೆ ಹತ್ತುತ್ತಿರಲಿಲ್ಲ, ಇನ್ನೊಂದು ಬಸ್ಸಿಗೆ ಕಾಯುತ್ತಿದ್ದಳು. ಇವರಿಗೆ ಅದು ಗೊತ್ತಿತ್ತು. ಅವಳೆದುರು ಬಸ್ಸು ನಿಂತಾಗ ಚಿಲ್ಲರೆ ಹುಡುಕುವವರ ಹಾಗೆ ಚೀಲದೊಳಗೆ ತಲೆ ಹಾಕುತ್ತಿದ್ದರು. ಮನೆಯಲ್ಲಿ ಒಂದು ದಿನವೂ ಆ ಮಾತು ಎತ್ತಲಿಲ್ಲ. ನನಗೆ ಮಾತ್ರ ಸಿಟ್ಟು ನೆತ್ತಿಗೇರುತ್ತಿತ್ತು. "ಆ ಗಂಟಲೇ ನಿನಗೆ ಅನ್ನ ಹಾಕಿದ್ದು ಮಾರಾಯ್ತಿ!" ಎಂದು ಒಮ್ಮೆ ಬೈದೂ ಬಿಟ್ಟೆ. ಅತ್ತಳು. ಆದರೆ ಬಸ್ಸು ಹತ್ತಲಿಲ್ಲ.

ಅವಳಿಗೆ ಗುಂಡು ಎಸೆಯಲು ಕಲಿಸಿದ್ದು ಕಾರ್ಕಳದ ಗ್ಲ್ಯಾಡಿಸ್ ಟೀಚರ್. ನಾಲ್ಕು ಕಿಲೋ ಕಬ್ಬಿಣದ ಗುಂಡನ್ನು ಕುತ್ತಿಗೆಗೆ ಒತ್ತಿಕೊಂಡು, ಗರ್ರನೆ ತಿರುಗಿ ಎಸೆಯುವ ಹುಡುಗಿಯನ್ನು ನೋಡಿ ನನ್ನ ಕಾಪುವಿನ ನೆಂಟರು, "ಇವಳನ್ನು ಯಾರು ಮದುವೆ ಆಗುವುದು?" ಎಂದರು. "ತಾಕತ್ತು ಇದ್ದವನು," ಎಂದೆ.

ಹುಡುಗಿಯ ಕೈಯಲ್ಲಿ ದೋಷವಿರಲಿಲ್ಲ, ಕಾಲಿನಲ್ಲಿತ್ತು. ಗುಂಡು ದೂರ ಬಿದ್ದರೆ ಸಾಕು, ಕುಣಿದು ಬಿಡುತ್ತಾಳೆ. ಈ ಆಟದಲ್ಲಿ ಒಂದು ವೃತ್ತದೊಳಗೆ ನಿಂತು ಎಸೆಯಬೇಕು, ಎಸೆದ ಮೇಲೆ ಆ ವೃತ್ತದ ಹಿಂದಿನ ಭಾಗದಿಂದಲೇ ಹೊರಗೆ ಬರಬೇಕು. ಮುಂದಿನಿಂದ ದಾಟಿದರೆ ಕೆಂಪು ಬಾವುಟ; ಎಷ್ಟು ದೂರ ಬಿದ್ದಿದ್ದರೂ ಲೆಕ್ಕಕ್ಕಿಲ್ಲ. ಹೋದ ವರ್ಷ ರಾಷ್ಟ್ರೀಯ ಕೂಟದಲ್ಲಿ ಎಲ್ಲರಿಗಿಂತ ದೂರ ಎಸೆದವಳು ಖುಷಿ ತಾಳಲಾರದೆ ಮುಂದಿನಿಂದ ಹಾರಿ, ಟೀಚರನ್ನು ತಬ್ಬಿಕೊಳ್ಳಲು ಓಡಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈ ವರ್ಷ ಭಾರತ ತಂಡಕ್ಕೆ ಆಯ್ಕೆಯಾದಳು. ಏಷ್ಯನ್ ಚಾಂಪಿಯನ್‌ಶಿಪ್, ದೋಹಾದಲ್ಲಿ. ನನ್ನ ತಮ್ಮ ಜಿತೇಶ್ ಅಲ್ಲೇ ಕೆಲಸದಲ್ಲಿರುವುದರಿಂದ ನಮ್ಮಿಬ್ಬರನ್ನೂ ಕರೆಸಿಕೊಂಡ. ಹೊರಡುವ ಮೊದಲೇ ಇವರಿಗೆ ಹೇಳಿದೆ: "ನೋಡಿ, ಅದು ಬಸ್ಸಲ್ಲ. ಅಲ್ಲಿ ಬೊಬ್ಬೆ ಹೊಡೆಯಲಿಕ್ಕಿಲ್ಲ. ಮಗಳಿಗೆ ಮರ್ಯಾದೆ ಉಂಟು."

"ಬಾಯಿಯೇ ತೆರೆಯುವುದಿಲ್ಲ, ಆಯ್ತಾ?" ಎಂದರು. ಅದನ್ನು ಹೇಳಿದ್ದೂ ಬೊಬ್ಬೆ ಹೊಡೆದೇ.

ಸ್ಟೇಡಿಯಮ್ಮಿಗೆ ಜಿತೇಶ್ ಊರಿನವರನ್ನೆಲ್ಲ ಒಟ್ಟು ಮಾಡಿಕೊಂಡು ಬಂದಿದ್ದ. ಉಡುಪಿಯವರು, ಹೆಜಮಾಡಿಯವರು, ಕಾರ್ಕಳದವರು. ಹೋಟೆಲು, ಗ್ಯಾರೇಜು, ಆಫೀಸುಗಳಲ್ಲಿ ದುಡಿಯುವವರು. ಐದು ಸುತ್ತು ಮುಗಿದಾಗ ಮೋಕ್ಷಾ ಎರಡನೆಯವಳು, ಚೀನಾದ ಹುಡುಗಿ ಮೊದಲನೆಯವಳು. ಉಳಿದದ್ದು ಒಂದೇ ಎಸೆತ. ಇವರು ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ನೋಡಿ ನನಗೇ ಪಾಪ ಅನ್ನಿಸಿತು.

ಮೋಕ್ಷಾ ವೃತ್ತದೊಳಗೆ ಹೋದಳು. ಗುಂಡನ್ನು ಕುತ್ತಿಗೆಗೆ ಒತ್ತಿದಳು, ಬಗ್ಗಿದಳು, ತಿರುಗಿದಳು. ಅವಳ ಬಾಯಿಂದ ಹೊರಟ ಕೂಗು ಕೇಳಿ, ಇದು ಅಪ್ಪನದೇ ಗಂಟಲು ಎಂದು ನನಗೆ ಮೊದಲ ಸಲ ಹೊಳೆಯಿತು. ಗುಂಡು ಹೋಯಿತು ನೋಡಿ! ಎಲ್ಲರ ಗುರುತುಗಳನ್ನು ದಾಟಿ ಧಪ್ಪೆಂದು ಬಿತ್ತು. ಜನ ಎದ್ದು ನಿಂತರು. ಮೋಕ್ಷಾ ಎರಡೂ ಕೈ ಮೇಲೆತ್ತಿದಳು. ಮುಂದೆ, ಬೇಲಿಯಾಚೆ, ಭಾರತ ತಂಡದ ಕೋಚ್ ಕುಣಿಯುತ್ತಿದ್ದರು. ಅವರ ಕಡೆ ಹಾರಲು ಇವಳ ಬಲಗಾಲು ಎದ್ದೇ ಬಿಟ್ಟಿತು.

"ಪಿರ ಪೋಲೆ!"

ಇವರು ಸೀಟಿನ ಮೇಲೆ ಹತ್ತಿ ನಿಂತಿದ್ದರು. ಕರ್ಚೀಫು ಎಲ್ಲಿ ಹಾರಿತೋ ಗೊತ್ತಿಲ್ಲ. "ಪಿರ ಪೋಲೆ! ಪಿರ ಪೋಲೆ!"

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಪುಣ್ಯಕ್ಕೆ ಹೋಗಲಿಲ್ಲ. ನಮ್ಮ ಸಾಲಿನಲ್ಲಿ ಯಾರೋ "ಹೋ, ನಮ್ಮ ಶೇಖರಣ್ಣ!" ಎಂದು ನಕ್ಕರು. ಮರುಕ್ಷಣ ಊರಿನವರೆಲ್ಲ ಎದ್ದು ಒಂದೇ ಸ್ವರದಲ್ಲಿ ಕೂಗತೊಡಗಿದರು. ಪಕ್ಕದ ಪಂಜಾಬಿ ಹೆಂಗಸು ಇದೇನೋ ದೇವರ ಹೆಸರೆಂದು ತಿಳಿದು ತಾನೂ ಕೂಗಿದಳು.

ಆ ಮಾತು ಕೇಳಿ ಜರುಗದ ಕಾಲು ನಮ್ಮೂರಿನಲ್ಲಿ ಹುಟ್ಟಿಲ್ಲ. ಮೋಕ್ಷಾಳ ಕಾಲು ಗಾಳಿಯಲ್ಲೇ ನಿಂತಿತು. ಮೆಲ್ಲಗೆ ವೃತ್ತದೊಳಗೇ ಇಳಿಯಿತು. ಅವಳು ತಿರುಗಿದಳು, ತುಂಬಿದ ಬಸ್ಸಿನಲ್ಲಿ ಹೋಗುವವಳ ಹಾಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆದು ಹೊರಗೆ ಬಂದಳು. ಬಿಳಿ ಬಾವುಟ ಎದ್ದಿತು. ಚೀನಾದ ಹುಡುಗಿಯ ಕೊನೆಯ ಗುಂಡು ಅಷ್ಟು ದೂರ ಮುಟ್ಟಲಿಲ್ಲ. ಚಿನ್ನ ನಮ್ಮ ಮೋಕ್ಷಾಳದ್ದು!

ತ್ರಿವರ್ಣ ಬಾವುಟ ಹೊದ್ದುಕೊಂಡು ನಾವು ಕೂತಲ್ಲಿಗೆ ಓಡಿ ಬಂದಳು. ಇವರು ತಲೆ ತಗ್ಗಿಸಿ ನಿಂತಿದ್ದರು. "ಬಾಯಿ ತಪ್ಪಿ ಬಂತು ಮಗಾ. ನಿನಗೆ ನಾಚಿಕೆ ಆಯ್ತಾ ಎಂತ?"

ಮೋಕ್ಷಾ ಕಂಬಿಯ ಮೇಲಿಂದ ಕೈ ಚಾಚಿ ಅಪ್ಪನ ಕುತ್ತಿಗೆ ತಬ್ಬಿಕೊಂಡಳು. "ಇನ್ನೊಮ್ಮೆ ಕೂಗಿ ಅಪ್ಪಾ," ಎಂದಳು, ನಗುತ್ತಾ, ಅಳುತ್ತಾ. ಇವರು ಕಣ್ಣೊರೆಸಲು, ಹಾರಿಹೋದ ಕರ್ಚೀಫನ್ನು ಜೇಬಿನಲ್ಲಿ ಹುಡುಕಿದರು.

ಊರಿಗೆ ಬಂದ ಮೇಲೆ ಸನ್ಮಾನ, ಹಾರ ಎಲ್ಲ ಆಯಿತು. ಅದೆಲ್ಲ ಮುಗಿದ ಒಂದು ಸಂಜೆ ನಾನೂ ಅವಳೂ ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ನಿಂತಿದ್ದೆವು. ಎರಡು ಬಸ್ಸು ಬಂದವು, ಬಿಟ್ಟಳು. ಅಪ್ಪನ ಬಸ್ಸು ಬಂದಾಗ ಹತ್ತಿದಳು. ಕಾಲಿಡಲು ಜಾಗವಿರಲಿಲ್ಲ, ಬಾಗಿಲಲ್ಲೆಲ್ಲ ಕಾಲೇಜಿನ ಹುಡುಗಿಯರು. ಯಾರೂ ಹೇಳುವ ಮೊದಲೇ ಮೋಕ್ಷಾ ಹಿಂದಕ್ಕೆ ಹೊರಟಳು.

ಇವರು ಟಿಕೆಟ್ ಕೊಡುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು.

"ದುಂಬು ಬಲೆ," ಎಂದರು. ಮುಂದೆ ಬನ್ನಿ.

ಇಷ್ಟು ವರ್ಷಗಳಲ್ಲಿ ಆ ಬಾಯಿಂದ ಆ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಮಗಳಿಗೆ ಹೇಳುವ ಹಾಗೆ 'ಬಲ' ಅನ್ನಲಿಲ್ಲ, ದೊಡ್ಡವರಿಗೆ ಹೇಳುವ ಹಾಗೆ 'ಬಲೆ' ಅಂದರು. ಅದೂ ಎಷ್ಟು ಮೆಲ್ಲಗೆ! ಆದರೂ ಬಸ್ಸಿಗೆ ಬಸ್ಸೇ ಕೇಳಿಸಿಕೊಂಡು, ಜರುಗಿ ಅವಳಿಗೆ ದಾರಿ ಬಿಟ್ಟಿತು.