ಸೋಪಿಗೆ ಬಗ್ಗಿದ ಬೀರು

ಮನೆ ಸಾಮಾನು ಸಾಗಿಸುವ ಕಸುಬಿನಲ್ಲಿ ಅವನಿಗೆ ಬೀರು ಎಂದೇ ಹೆಸರು. ಆಳೂ ಹಾಗೇ ಇದ್ದ. ಇಪ್ಪತ್ತು ವರ್ಷ ಫ್ರಿಜ್ಜು, ಮಂಚ, ಸೋಫಾ ಹೊತ್ತು ಮಹಡಿ ಹತ್ತಿಳಿದರೂ ಒಮ್ಮೆಯೂ ಅಯ್ಯೋ ಅಂದವನಲ್ಲ. ಅಂಥವನು ಸೋಮವಾರ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದ ಸೋಪು ಎತ್ತಲು ಬಗ್ಗಿದ. ಬಗ್ಗಿದವನು ಏಳಲಿಲ್ಲ.

ಹೆಂಡತಿ ಟವೆಲ್ಲು ಸುತ್ತಿ, ಗೋಡೆ ಹಿಡಿಸಿಕೊಂಡು ಹೊರಗೆ ತಂದಳು.

"ಸೋಪು ಅಂತ ಯಾರ ಹತ್ರಾನೂ ಹೇಳ್ಬೇಡ ಕಣೇ, ಕೈ ಮುಗೀತೀನಿ. ನಿನ್ನೆ ವಾಷಿಂಗ್ ಮಷಿನ್ ಇಳಿಸುವಾಗ ಆಯ್ತು ಅನ್ನು."

"ಬೆನ್ನು ಮುರಿದ್ರೂ ಜಂಬ ಮುರೀಲಿಲ್ಲ ನೋಡಿ," ಎಂದಳು ಅವಳು.

ಡಾಕ್ಟರಿಗೆ ಮಾತ್ರ ನಿಜ ಹೇಳಿದ. ಅವರು ಬೆನ್ನು ಒತ್ತಿ ನೋಡಿದರು, ಕಾಲು ಜೋಮು ಹಿಡಿಯುತ್ತದೆಯೇ ಎಂದು ಕೇಳಿದರು.

"ಮೂಳೆಗೇನೂ ಆಗಿಲ್ಲ, ಸ್ನಾಯು ಎಳೆದಿದೆ. ಬಿಸಿ ಶಾಖ ಕೊಡಿ. ಮಲಗೇ ಇರ್ಬೇಡಿ, ನಿಧಾನವಾಗಿ ಓಡಾಡಿ. ಮೂರು ವಾರ ಭಾರ ಮುಟ್ಟಬೇಡಿ. ಸೋಪು ಬರೀ ನೆಪ ಕಣ್ರೀ, ಅದಕ್ಕೂ ಮುಂಚೆ ಎಲ್ಲೋ ಪೆಟ್ಟಾಗಿರುತ್ತೆ."

ಮಾನ ಉಳಿಸಲು ಹಾಗೆ ಹೇಳುತ್ತಿದ್ದಾರೆ ಅಂದುಕೊಂಡ ಬೀರು.

ಕೂತರೆ ನೋವು, ಮಲಗಿದರೆ ಬೇಸರ. ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಅಡುಗೆಮನೆಗೂ ಬಾಗಿಲಿಗೂ ತಿರುಗಿದ. ನಾಲ್ಕನೇ ದಿನ ಹೆಂಡತಿ ತವರಿನ ಸುದ್ದಿ ತಂದಳು. ಆರು ವರ್ಷದಿಂದ ಅವನ ಜೋಡಿಯಾಗಿ ದುಡಿಯುತ್ತಿದ್ದ ಅವಳ ತಮ್ಮ ಕಸುಬು ಬಿಡುತ್ತಾನಂತೆ. ಭಾವನ ಬೆನ್ನು ಹಾಳು ಮಾಡಿದವನು ನಾನೇ ಎಂದು ಊಟ ಬಿಟ್ಟಿದ್ದಾನಂತೆ. ನಾಳೆಯಿಂದ ಯಾವುದೋ ಅಂಗಡಿಯ ಕಾವಲಿಗೆ ಸೇರುತ್ತಾನಂತೆ.

ಸಾಮಾನಿನ ಕೆಳತುದಿ ಹಿಡಿಯುವವನು ಯಾವಾಗಲೂ ಬೀರುವೇ. ಮೆಟ್ಟಿಲಿಳಿಯುವಾಗ ಕೆಳಗೆ ಹಿಡಿದವನು ಹಿಮ್ಮುಖ ನಡೆಯಬೇಕು. ಅವನಿಗೆ ಮೆಟ್ಟಿಲು ಕಾಣುವುದಿಲ್ಲ. ಮೇಲಿನವನು ಹೇಳಿದ ಕಡೆ ಕಾಲಿಡಬೇಕು. ಬಾಮೈದನ ದನಿಯಲ್ಲದೆ ಬೇರೆಯವರ ದನಿಗೆ ಕಾಲಿಡುವ ಧೈರ್ಯ ಬೀರುವಿಗಿರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಮೂರು ಬೀದಿ ದಾಟಲು ಅರ್ಧ ಗಂಟೆ ಹಿಡಿಯಿತು.

"ಸೋಪು ಕಣೋ!" ಎಂದ ಬಾಗಿಲಲ್ಲೇ. "ಸೋಪು ಎತ್ತೋಕೆ ಹೋಗಿ ಹಿಡ್ಕೊಳ್ತು. ನಾಚಿಕೆಗೆ ಸುಳ್ಳು ಹೇಳ್ದೆ. ನಿನ್ನದೇನೂ ತಪ್ಪಿಲ್ಲ."

ಬಾಮೈದ ನಗಲಿಲ್ಲ. "ಅವತ್ತು ಮಷಿನ್ ಇಳಿಸುವಾಗ ನನ್ನ ಕೈ ಜಾರಿತ್ತು ಭಾವ. ಎರಡನೇ ತಿರುವಿನಲ್ಲಿ. ಪೂರ್ತಿ ಭಾರ ನಿಮ್ಮ ಮೇಲೆ ಬಂತು. ನೀವು 'ನಿಧಾನ' ಅಂದ್ರಿ, ಅಷ್ಟೆ. ಹೇಳೋಣ ಅಂದ್ಕೊಂಡೆ, ಬಾಯೇ ಬರ್ಲಿಲ್ಲ."

ಆಗ ಬೆನ್ನಿಗೆ ಬಿದ್ದ ಎಳೆತ ಬೀರುವಿಗೆ ನೆನಪಾಯಿತು. ತನ್ನ ಕಾಲೇ ತಪ್ಪಿತೆಂದು ಅವನು ತಿಳಿದಿದ್ದ. ಡಾಕ್ಟರು ಹೇಳಿದ್ದು ಈಗ ಅರ್ಥವಾಯಿತು. ತಾನು ಕಟ್ಟಿದ ಸುಳ್ಳೇ ನಿಜ! ಸಿಟ್ಟು ನೆತ್ತಿಗೇರಿತು. ಒಂದೇಟು ಬಿಗಿಯಬೇಕೆನಿಸಿತು, ಬೆನ್ನು ಬಿಡಲಿಲ್ಲ. ಪರವಾಗಿಲ್ಲ ಬಿಡು ಎಂದು ಕ್ಷಮಿಸಿದರೂ ಈ ಹುಂಬ ನಾಚಿಕೆಯಿಂದ ಹೋಗಿಬಿಡುತ್ತಾನೆ ಎಂಬ ಭಯ ಬೇರೆ.

"ಹಾಗಾದ್ರೆ ನೀನೇ ಕಾರಣ."

"ಹೌದು ಭಾವ."

"ಮತ್ತೆ ಓಡಿಹೋಗ್ತೀಯಾ? ಮೂರು ವಾರ ಇನ್ಯಾರನ್ನಾದ್ರೂ ಜೊತೆಗೆ ಕರ್ಕೊಂಡು ನೀನು ಕೆಳಗೆ ಹಿಡಿ. ನಾನು ಬರೀ ಮೆಟ್ಟಿಲು ಹೇಳ್ತೀನಿ. ಆಮೇಲೆ ಎಂದಿನ ಹಾಗೆ ನೀನು ಮೇಲೆ, ನಾನು ಕೆಳಗೆ."

ಬಾಮೈದನ ಕಣ್ಣು ತುಂಬಿತು. "ಇಷ್ಟಾದ್ಮೇಲೂ ನನ್ನ ನಂಬಿ ಕೆಳಗೆ ನಿಲ್ತೀರಾ?"

"ಇನ್ಯಾರನ್ನ ನಂಬಲಿ?" ಎಂದ ಬೀರು, ಕೂರಲೂ ಆಗದೆ ನಿಲ್ಲಲೂ ಆಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡು.