ವಯಸ್ಸಿನಿಂದ ಕಳೆದ ಮೂರು ತಿಂಗಳು

ಆ ಹುಡುಗಿ ಹುಟ್ಟಿದಾಗ ಮುಕ್ಕಾಲು ಕಿಲೋ ಇದ್ದಳು. ಏಳು ವರ್ಷ ತುಂಬಿದರೂ ಆಸ್ಪತ್ರೆಯವರ ಬಾಯಲ್ಲಿ ಅವಳ ಹೆಸರು ಮುಕ್ಕಾಲು ಎಂದೇ. ತೀರಾ ಸಣ್ಣದಾಗಿ ಹುಟ್ಟಿದ ಮಕ್ಕಳನ್ನು ವರ್ಷಕ್ಕೊಮ್ಮೆ ಕರೆಸಿ, ಎತ್ತರ, ತೂಕ, ಬುದ್ಧಿ ಮೂರನ್ನೂ ಅಳೆಯುವ ವಿಭಾಗವದು. ಬುದ್ಧಿ ಅಳೆಯುವ ಕೆಲಸ ಮೇಡಂದು. ಹದಿನೆಂಟು ವರ್ಷದಿಂದ ಅದೇ ಕೋಣೆ, ಅದೇ ಕುಂಟು ಮೇಜು, ಮಕ್ಕಳ ಜೊಲ್ಲಿನಿಂದ ಅಂಟಂಟಾದ ಅದೇ ಕೆಂಪು ಬಿಳಿ ಬ್ಲಾಕುಗಳು. ಜೊಲ್ಲಿಗೆ ಅವರೆಂದೂ ಅಸಹ್ಯಪಟ್ಟವರಲ್ಲ. ಅಸಹ್ಯ ಹುಟ್ಟಿಸುತ್ತಿದ್ದವನು ದೊಡ್ಡ ಡಾಕ್ಟರು. ಯಾವ ಮಗುವನ್ನು ಮುಂದೆ ನಿಲ್ಲಿಸಿದರೂ ಆತ ಕೇಳುತ್ತಿದ್ದದ್ದು ಸರಾಸರಿ ಎಷ್ಟು ಬಂತು ಅಂತ. ಬೆನ್ನ ಹಿಂದೆ ಎಲ್ಲರೂ ಅವನನ್ನು ಸರಾಸರಿ ಅಂತಲೇ ಕರೆಯುತ್ತಿದ್ದರು.

ಅವತ್ತು ಮುಕ್ಕಾಲು ನಾಲಿಗೆ ಕಚ್ಚಿಕೊಂಡು ನಲವತ್ತು ನಿಮಿಷ ಕೂತಳು. ನಾಲ್ಕು ಬ್ಲಾಕಿನ ಚಿತ್ರ ಜೋಡಿಸಿದಳು, ಒಂಬತ್ತರದ್ದು ಆಗಲಿಲ್ಲ. ಓದುವಾಗ ಎರಡನೇ ಸಾಲಿಗೇ ಬೆವತುಹೋದಳು. ಮೇಡಂ ಲೆಕ್ಕ ಹಾಕಿದರು: ಎಂಬತ್ತೆರಡು. ಎಂಬತ್ತೈದಕ್ಕಿಂತ ಕಡಿಮೆ ಬಂದ ಮಕ್ಕಳ ಪಕ್ಕ ಶಾಲೆಯಲ್ಲಿ ದಿನಕ್ಕೊಂದು ಗಂಟೆ ಬೇರೆ ಟೀಚರ್ ಕೂತು ಕಲಿಸುತ್ತಿದ್ದರು. ಈ ಹುಡುಗಿ ಎರಡು ಸಾಲು ಓದುವಂತಾದದ್ದೂ ಆ ಒಂದು ಗಂಟೆಯಿಂದಲೇ. ಸದ್ಯ, ಅದು ಉಳೀತು ಅಂದುಕೊಂಡರು ಮೇಡಂ.

ಅಷ್ಟರಲ್ಲಿ ಊಟ ಮುಗಿಸಿ ತೇಗುತ್ತಾ ಸರಾಸರಿ ಒಳಗೆ ಬಂದ.

"ಎಷ್ಟು?"

"ಎಂಬತ್ತೆರಡು, ಸಾರ್. ಏಳು ವರ್ಷ ಎರಡು ತಿಂಗಳ ವಯಸ್ಸಿಗೆ."

"ಮೂರು ತಿಂಗಳು ಮುಂಚೆ ಹುಟ್ಟಿದವಳಲ್ವಾ? ಅದನ್ನ ಕಳೀರಿ."

ಹಾಗೆ ಕಳೆಯುವುದುಂಟು, ಇಲ್ಲವೆನ್ನುವಂತಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸು ಹೊತ್ತಿಗೆ ಸರಿಯಾಗಿ ತೆವಳಲಿಲ್ಲವೆಂದು ಗಾಬರಿಯಾಗದಿರಲಿ ಅಂತ, ಮೊದಲ ಎರಡು ವರ್ಷ ಆ ತಿಂಗಳುಗಳನ್ನು ವಯಸ್ಸಿನಿಂದ ಬಿಟ್ಟುಕೊಡುತ್ತಾರೆ. ಆಮೇಲೆ ನಿಲ್ಲಿಸಬೇಕು. ಎರಡನೇ ಕ್ಲಾಸಿನ ಪುಸ್ತಕ ಯಾರಿಗೂ ಮೂರು ತಿಂಗಳು ಬಿಟ್ಟುಕೊಡುವುದಿಲ್ಲ.

"ಎರಡು ವರ್ಷ ಆದ್ಮೇಲೆ ಕಳೆಯೋ ಹಾಗಿಲ್ಲ ಸಾರ್. ನಿಮಗೆ ಗೊತ್ತಿಲ್ದೇ ಇರೋದಾ?"

"ಗೊತ್ತು. ಶನಿವಾರ ದೊಡ್ಡ ಸಭೆ ಇದೆ, ನಮ್ಮ ಮಕ್ಕಳ ಸರಾಸರಿ ನಾನು ಅಲ್ಲಿ ಓದಬೇಕು, ಅದೂ ಗೊತ್ತು. ಹನ್ನೊಂದು ಮಕ್ಕಳಿಗೆ ಕಳೆದುಕೊಟ್ಟಿದ್ದೀರಿ. ಇವಳೊಬ್ಬಳ ವಿಷಯಕ್ಕೆ ಏನು ನಿಮ್ಮ ರಗಳೆ?"

ಮಾತು ಸುಳ್ಳಲ್ಲ. ಸೋಮವಾರದಿಂದ ಹನ್ನೊಂದು ಮಕ್ಕಳು. ಪ್ರತಿಸಲವೂ, ಹೋಗಲಿ, ಎರಡು ಮೂರು ತಿಂಗಳು ತಾನೇ ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡು ಬರೆದಿದ್ದರು. ಥೂ, ಅವನದ್ದು ಹೋಗಲಿ, ತನ್ನದೇನು ಜನ್ಮ ಅನ್ನಿಸಿತು. ಅನ್ನಿಸಿದರೇನು, ಕೈ ಆರು ವರ್ಷ ಹನ್ನೊಂದು ತಿಂಗಳ ವಯಸ್ಸಿನ ಪಟ್ಟಿ ತೆಗೆಯಿತು. ಎಂಬತ್ತಾರು ಬಂತು. ಸರಾಸರಿ ಅವರ ಭುಜ ತಟ್ಟಿ ಹೋದ. ತಟ್ಟಿದ ಜಾಗವನ್ನು ಮೇಡಂ ಸೆರಗಿನಿಂದ ಒರೆಸಿಕೊಂಡರು.

ತಾಯಿಯನ್ನು ಒಳಗೆ ಕರೆದರು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು, ಮೊಣಕೈವರೆಗೂ ಸುಟ್ಟ ಗೆರೆಗಳು. ಮೇಡಂ ಕೊಟ್ಟ ಹಾಳೆಯಲ್ಲಿದ್ದ 'ವಯಸ್ಸಿಗೆ ತಕ್ಕಂತಿದ್ದಾಳೆ' ಎಂಬ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದಳು. ಅವಳ ಮುಖ ಅರಳಿತು.

"ಅಂದ್ರೆ ಇವಳ ತಲೆ ಸರಿಯಾಗೇ ಇದೆ?"

ಮೇಡಂ ಹೌದೆಂದು ತಲೆಯಾಡಿಸಿದರು.

"ನಮ್ಮವರು ಅವತ್ತಿಂದ ಹೇಳ್ತಾನೇ ಇದ್ರು ಮೇಡಂ, ಇದು ಬರೀ ಸೋಮಾರಿತನ ಅಂತ. ನಾನೇ ಅಡ್ಡ ನಿಂತು, ಪಾಪ, ಸಣ್ಣದಾಗಿ ಹುಟ್ಟಿದ್ದು, ಹೊಡೀಬೇಡಿ ಅಂತಿದ್ದೆ. ಇನ್ಮೇಲೆ ಅಡ್ಡ ಬರಲ್ಲ." ಮಗಳ ಕಡೆ ತಿರುಗಿದಳು. "ಕೇಳಿಸ್ತೇನೇ? ಇನ್ನು ನಿನ್ನ ಆಟ ನಡೆಯಲ್ಲ."

ಹುಡುಗಿ ಬ್ಲಾಕುಗಳನ್ನು ಡಬ್ಬಿಗೆ ತುಂಬುತ್ತಿದ್ದವಳು ಅಲ್ಲೇ ನಿಲ್ಲಿಸಿದಳು.

ಮೇಡಂ ಆ ನಿಂತ ಕೈಯನ್ನು ನೋಡಿದರು. ಹನ್ನೊಂದು ಮನೆಗಳಲ್ಲಿ ಇದೇ ಮಾತು ನಡೆದಿರಬೇಕು.

"ಆ ಹಾಳೆ ಕೊಡಮ್ಮ. ತಪ್ಪಾಗಿದೆ."

"ಏನು ತಪ್ಪು? ನೀವೇ ಬರೆದಿದ್ದಲ್ವಾ?"

"ತಪ್ಪು ಬರೆದಿದ್ದೂ ನಾನೇ. ಕೊಡು."

ಅವಳು ಕೊಡಲಿಲ್ಲ, ಇವರೇ ಕಿತ್ತುಕೊಂಡು ಹರಿದರು. ಹೊಸ ಹಾಳೆಯಲ್ಲಿ ಏಳು ವರ್ಷ ಎರಡು ತಿಂಗಳು, ಎಂಬತ್ತೆರಡು ಅಂತ ಬರೆದು ಸಹಿ ಹಾಕಿದರು. "ಓದೋದು ಇವಳಿಗೆ ನಿಜವಾಗ್ಲೂ ಕಷ್ಟ. ಪಕ್ಕದಲ್ಲಿ ಕೂತು ಕಲಿಸೋರು ಬೇಕು. ಇವಳು ಸೋಮಾರಿ ಅಲ್ಲ. ನಲವತ್ತು ನಿಮಿಷ ಬೆವರು ಸುರಿಸಿದ್ದನ್ನ ನಾನು ನೋಡಿದ್ದೀನಿ. ಯಜಮಾನರನ್ನ ನಾಳೆ ಕರ್ಕೊಂಡು ಬಾ, ಅವರಿಗೂ ಹೇಳ್ತೀನಿ."

ತಾಯಿಯ ಮುಖ ಕಹಿ ಕುಡಿದಂತಾಯಿತು. "ಹತ್ತು ನಿಮಿಷ ನನ್ನ ಮಗಳು ಎಲ್ಲರ ಹಾಗೆ ಇದ್ಲು" ಅಂದಳು. "ನೀವೂ ಒಬ್ಬ ಮನುಷ್ಯರಾ?"

ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮೇಡಂ ಕಪಾಟಿನಿಂದ ಆ ಹನ್ನೊಂದು ಮಕ್ಕಳ ಫೈಲು ಇಳಿಸತೊಡಗಿದರು.

ತಾಯಿ ಹಾಳೆ ಮುದುರಿ ಚೀಲಕ್ಕೆ ತುರುಕಿ ದರದರ ಹೊರಟಳು. ಹುಡುಗಿ ಅವಳ ಸೆರಗು ಹಿಡಿದು ಓಡಿದಳು. ಹೊರಗೆ ಬೆಂಚಿನ ಮೇಲೆ ಸರದಿಗೆ ಕಾದಿದ್ದವರಿಗೆಲ್ಲ ಅವಳು ಹೇಳಿಕೊಂಡು ಹೋಗುತ್ತಿದ್ದದ್ದು ಮೇಡಂಗೆ ಕೇಳಿಸಿತು: "ನಾನು ಸೋಮಾರಿ ಅಲ್ವಂತೆ. ನಾನು ಸೋಮಾರಿ ಅಲ್ವಂತೆ."