ಬಟ್ಟೆ ಕಟ್ಟಿದ ಕೊಡ

ಆ ಕೊಡದಲ್ಲಿ ನೀರಿಲ್ಲ ಎಂಬುದು ಮಸರತಳಿಗೆ ಮೂರನೆಯ ತಿರುವಿನಲ್ಲಿ ಖಾತ್ರಿಯಾಯಿತು. ಮುಂದೆ ಹೋಗುತ್ತಿದ್ದ ಮುದುಕಿ ಅಂಗಾಲಿನ ಮುಳ್ಳು ಕೀಳಲು ಒಂಟಿ ಕಾಲಲ್ಲಿ ನಿಂತಳು. ಟೊಂಕದ ಮೇಲಿನ ಕೊಡ ತುಳುಕಲಿಲ್ಲ. ಎರಡೇ ಬೆರಳಲ್ಲಿ ಅದರ ಕಂಠ ಹಿಡಿದು ಎಡಗಡೆಯಿಂದ ಬಲಗಡೆಗೆ ದಾಟಿಸಿಕೊಂಡು ಮತ್ತೆ ನಡೆದಳು. ತುಂಬಿದ ಕೊಡವನ್ನು ಯಾರೂ ಹಾಗೆ ದಾಟಿಸುವುದಿಲ್ಲ. ಹೊಳೆಗೆ ಇಳಿಯುವ ಮೆಟ್ಟಿಲನ್ನು ಅವಳು ತಿರುಗಿಯೂ ನೋಡದೆ ಹಿಂದೆ ಬಿಟ್ಟು ಬಂದಿದ್ದಳು. ನೀರಲ್ಲದಿದ್ದರೆ ಮತ್ತೇನು? ಕೊಡದ ಬಾಯಿಗೆ ಹಳೆಯ ಸೀರೆಯ ತುಂಡೊಂದನ್ನು ಬಿಗಿದು ಕಟ್ಟಿತ್ತು.

ಮಸರತ ರಿಜಿಸ್ಟರನ್ನು ಎದೆಗೆ ಅವುಚಿಕೊಂಡು ಜಾಲಿ ಗಿಡದ ಮರೆಯಲ್ಲಿ ನಿಂತಳು. ಹೀಗೆ ಒಬ್ಬ ಹೆಂಗಸಿನ ಬೆನ್ನು ಹತ್ತಿ ಹೋಗುವುದು ತನ್ನ ಕೆಲಸವೋ ಅಲ್ಲವೋ ಎಂಬ ಅನುಮಾನ ಮೂರು ದಿನದಿಂದ ಅವಳನ್ನು ಕೊರೆಯುತ್ತಿತ್ತು. ಆದರೂ ಕೊಡದೊಳಗೆ ಏನಿದೆಯೆಂದು ತಿಳಿಯುವ ಆಸೆ ಅನುಮಾನಕ್ಕಿಂತ ಒಂದು ಹೆಜ್ಜೆ ಮುಂದೆಯೇ ಇತ್ತು.

ಭೀಮಾ ನದಿಯ ದಂಡೆಗೆ ಈ ಉದ್ಯಾನ ಬಂದು ವರ್ಷವಾಗಿತ್ತು. ಬಯಲಿಗೆ ಬಯಲೇ ಆದ ನೆಲದಲ್ಲಿ ಮೂರು ನಡಿಗೆ ದಾರಿಗಳು. ಎರಡನೆಯ ದಾರಿಯ ಬಾಯಲ್ಲಿ 'ಸುಲಭ ದಾರಿ, ಎರಡು ಕಿಲೋಮೀಟರ್, ಏರಿಳಿತವಿಲ್ಲ' ಎಂಬ ಹಸಿರು ಫಲಕವಿತ್ತು. ಸುರಪುರದ ಗುಡ್ಡದ ಓಣಿಗಳಲ್ಲಿ ಹತ್ತಿ ಇಳಿದು ಬೆಳೆದ ಮಸರತಳಿಗೆ ಇಷ್ಟು ಸಪಾಟು ದಾರಿಯಲ್ಲಿ ಜನ ದುಡ್ಡು ಕೊಟ್ಟು ನಡೆಯುವುದು ಮೊದಮೊದಲು ಸೋಜಿಗವೆನಿಸಿತ್ತು. ಬೆಳಿಗ್ಗೆ ಆರಕ್ಕೆ ಗೇಟು ತೆರೆಯುವುದು, ಎಂಟರ ತನಕ ಊರಿನವರನ್ನು ಪುಕ್ಕಟೆ ಬಿಡುವುದು, ಆಮೇಲೆ ಟಿಕೆಟು ಹರಿಯುವುದು, ಹಕ್ಕಿಗಳ ಲೆಕ್ಕ ಬರೆಯುವುದು ಅವಳ ಕೆಲಸ. ಮದುವೆಯಾಗಿ ಯಾದಗಿರಿಗೆ ಬಂದ ಮೇಲೆ, ಎರಡು ಮಕ್ಕಳಾದ ಮೇಲೆ, ಸಂಜೆ ಕ್ಲಾಸಿಗೆ ಹೋಗಿ ಪಿಯುಸಿ ಮುಗಿಸಿದವಳು. ಅದಕ್ಕೇ ಏನೇ ಬರೆದರೂ ಮೂರು ಸಲ ಓದಿ ನೋಡುವಳು. ಮೂರನೆಯ ಸಲ ಓದುವಾಗ ಎಲ್ಲವೂ ತಪ್ಪಿದಂತೆ ಕಾಣುವುದು.

ಈ ಸಲದ ತೊಂದರೆಯೂ ಬರೆದದ್ದರಿಂದಲೇ ಹುಟ್ಟಿತ್ತು. ಎರಡನೆಯ ದಾರಿಯ ಬದಿಯಲ್ಲಿ ಟಿಟ್ಟಿಭ ಹಕ್ಕಿಗಳು ಮೊಟ್ಟೆಯಿಟ್ಟಿದ್ದವು. ಗೂಡು ಎಂದರೆ ಗೂಡೂ ಅಲ್ಲ, ಬರಿ ನೆಲದಲ್ಲಿ ಅಂಗೈಯಷ್ಟು ತಗ್ಗು, ಸುತ್ತ ನಾಲ್ಕು ಹರಳು. ಮಸರತ ಒಂದೊಂದರ ಸುತ್ತಲೂ ತುಸು ದೂರದಲ್ಲಿ ಬಿಳಿ ಕಲ್ಲಿಟ್ಟು ನಂಬರು ಹಾಕಿದ್ದಳು. ಸೋಮವಾರ ಐದನೆಯ ಗೂಡು ಬರಿದಾಗಿತ್ತು. 'ನಾಲ್ಕು ಮೊಟ್ಟೆ ಕಾಣೆ' ಎಂದು ಬರೆದಳು. ಮಂಗಳವಾರ ಏಳನೆಯದೂ ಬರಿದು. ಅದನ್ನೂ ಬರೆದಳು.

ಮೇಲ್ವಿಚಾರಕ ವಿಶ್ವಾರಾಧ್ಯ ಮೋಟರ್ ಸೈಕಲ್ ಮೇಲೆ ಕೂತಲ್ಲಿಂದಲೇ ರಿಜಿಸ್ಟರ್ ಓದಿದ.

"ಕಾಣೆ ಅಂದ್ರ ಏನಮ್ಮಾ? ಮೊಟ್ಟಿಗೇನ್ ಕಾಲ್ ಬಂದಾವೇನು?"

"ಇಲ್ರಿ ಸರ."

"ಮತ್ತ? ಆ ಕೊಡದ ಮುದುಕಿ ದಿನಾ ಬರ್ತಾಳಲ್ಲ, ಭೀಮವ್ವ. ನಳ ಬಂದು ಆರು ತಿಂಗಳಾತು ಆ ಊರಿಗೆ. ಹೊಳಿ ನೀರು ಯಾಕ ಬೇಕಾತು ಅಕಿಗೆ? ಕೊಡದ ಬಾಯಿಗೆ ಬಟ್ಟಿ ಬ್ಯಾರೆ. ನೋಡಿ ಬರ್ದು ಇಡ್ರಿ. ಶನಿವಾರ ನಾ ಮ್ಯಾಲ ಕಳಸ್ತೀನಿ. ಮೊಟ್ಟಿ ಸಿಕ್ರ ಕೇಸ್ ಆಗ್ತದ." ಕಿಕ್ ಹೊಡೆಯುವ ಮುಂಚೆ ಇನ್ನೊಂದು ಮಾತು ಸೇರಿಸಿದ. "ನಿಮ್ಮ ಕೆಲಸದ ಆರ್ಡರ್ ಮುಂದಿನ ತಿಂಗಳಿಗೆ ಮುಗೀತದ. ರಿಜಿಸ್ಟರ್ ನೋಡೇ ಮುಂದಿಂದು. ನೆನಪಿರ್ಲಿ."

ಮನೆಯಲ್ಲಿ ಹೇಳಿದರೆ ಗಂಡ ತೌಫೀಕ್ ನಕ್ಕುಬಿಟ್ಟಿದ್ದ. ಮೊಟ್ಟೆ ಎಣಿಸುವುದಕ್ಕೂ ಸರ್ಕಾರ ಪಗಾರ ಕೊಡುತ್ತದೆಯೆಂದು ಗೊತ್ತಿದ್ದರೆ ತಾನು ಪಂಕ್ಚರ್ ಅಂಗಡಿ ಇಡುತ್ತಿರಲಿಲ್ಲವಂತೆ.

ಈಗ ಟಿಟ್ಟಿಭವೊಂದು ತಲೆಯ ಮೇಲೆ ಒದರತೊಡಗಿತು. ಮುದುಕಿ ತಿರುಗದೆಯೇ ನಿಂತಳು.

"ಮುಂದ ಬಾ ಯವ್ವಾ. ಮೂರು ದಿನದಿಂದ ಹಿಂದ್ಹಿಂದ ಬರಾಕತ್ತಿ. ಅಂಥ ಹಳದಿ ಓಢಣಿ ಹೊತ್ಕೊಂಡು ಜಾಲಿ ಗಿಡದಾಗ ನಿಂತ್ರ ಹಕ್ಕಿ ಒದರ್ದ ಏನ್ ಮಾಡ್ಬೇಕು?"

ಮಸರತಳ ಮುಖ ಬಿಸಿಯಾಯಿತು. ಗಿಡದ ಮರೆಯಿಂದ ಬಂದು ನಿಂತಳು. ದಾರಿಯುದ್ದಕ್ಕೂ ಕಟ್ಟಿಕೊಂಡ ಮಾತು ಒಂದೂ ನೆನಪಾಗಲಿಲ್ಲ.

"ಅವ್ವಾ, ಸಿಟ್ಟಾಗಬ್ಯಾಡ್ರಿ. ಆ ಕೊಡದಾಗ ಏನೈತ್ರಿ?"

ಭೀಮವ್ವ ಅವಳನ್ನೂ ರಿಜಿಸ್ಟರನ್ನೂ ನೋಡಿದಳು. ಆಮೇಲೆ ಕೊಡವನ್ನು ನೆಲಕ್ಕಿಟ್ಟು ತಾನು ಬೇವಿನ ಬುಡದಲ್ಲಿ ಕೂತಳು. "ಬಿಚ್ಚಿ ನೋಡು."

ಗಂಟು ಬಿಗಿಯಾಗಿತ್ತು. ಬಿಚ್ಚುವಾಗ ಒಳಗೆ ಏನೂ ಇರದಿರಲಿ ಎಂದು ಒಂದು ಮನಸ್ಸು, ಏನಾದರೂ ಇರಲಿ ಎಂದು ಇನ್ನೊಂದು. ಬಟ್ಟೆ ಸರಿಸಿ ಬಗ್ಗಿ ನೋಡಿದಳು. ಸ್ಟೀಲಿನ ಕೊಡದ ತಳದಲ್ಲಿ ನೀರಿನ ಬಿಳಿ ಕಲೆ, ಒಣಗಿದ್ದು. ಅವಳ ಉಸಿರೇ ಒಳಗೆ ಹೋಗಿ ಮರಳಿ ಬಂತು.

"ಏನೂ ಇಲ್ಲಲ್ರಿ."

"ಇಲ್ಲ."

"ಮತ್ತ ಬಟ್ಟಿ ಯಾಕ ಕಟ್ಟೀರಿ?"

"ಏನೂ ಇಲ್ಲಂತ ಕಾಣಬಾರದಲ್ಲ, ಅದಕ್ಕ."

ಭೀಮವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಹದಿನಾಕು ವರ್ಷದಾಕಿ ಇದ್ದಾಗ ಲಗ್ನ ಆಗಿ ಈ ಊರಿಗೆ ಬಂದೆ. ಅವತ್ತಿಂದ ದಿನಕ್ಕ ಎರಡು ಸಲ ಹೊಳಿಗೆ. ಬೈಕೋತ ಬಂದೀನಿ, ಬಸರಿದ್ದಾಗ ಬಂದೀನಿ, ಅತ್ತಿ ಕೂಡ ಜಗಳ ಆದ ದಿನ ಮೂರು ಸಲ ಬಂದೀನಿ. ಈಗ ಅಂಗಳದಾಗ ನಳ ಬಂತು. ಛಲೋನೇ ಆತು, ಸೊಸಿ ಟೊಂಕ ಉಳೀತು. ಆದ್ರ ನನಗ ಮನಿ ಬಿಟ್ಟು ಹೊರಗ ಬರಾಕ ಒಂದು ಕಾರಣ ಇಲ್ಲದಂಗ ಆತು. ಕೈಬೀಸ್ಕೊಂಡು ಹೊಂಟ್ರ ಓಣ್ಯಾಗ ನಾಕು ಮಂದಿ ಕೇಳ್ತಾರ, ಎಲ್ಲಿಗೆ ಹೊಂಟಿ ಭೀಮವ್ವ? ಏನ್ ಹೇಳ್ಲಿ? ನಡ್ಯಾಕ ಹೊಂಟೀನಿ ಅನ್ಲಾ? ತಲಿ ಕೆಟ್ಟೈತಿ ಅಂತಾರ. ಕೊಡ ಇದ್ರ ಯಾರೂ ಕೇಳಂಗಿಲ್ಲ. ನಳದ ನೀರಾಗ ತೊಗರಿ ಬ್ಯಾಳಿ ಬೇಯಂಗಿಲ್ಲ ಅಂತ ಒಂದು ಮಾತು ಒಗದೀನಿ, ಎಲ್ಲಾರೂ ನಂಬ್ಯಾರ."

"ಮನ್ಯಾಗ? ಖಾಲಿ ಕೊಡ ನೋಡಿ ಏನೂ ಅನ್ನಂಗಿಲ್ಲೇನ್ರಿ?"

"ಸೊಸಿಗೆ ಗೊತ್ತೈತಿ. ನಾ ಒಳಗ ಇಟ್ಟು ಕೂಡ್ತೀನಿ. ಅಕಿ ಒಯ್ದು ನಳದಾಗ ತುಂಬಿ ತರ್ತಾಳ. ಒಂದು ದಿನಾನೂ ಕೇಳಿಲ್ಲ."

ಹಕ್ಕಿ ಇನ್ನೂ ಒದರುತ್ತಲೇ ಇತ್ತು.

"ನಿನ್ನ ಆ ಹಸರು ಹಲಗಿ ಮ್ಯಾಲ ಏನ್ ಬರದಾರ?"

"ಸುಲಭ ದಾರಿ ಅಂತ್ರಿ."

ಭೀಮವ್ವ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ಟೊಂಕದ ಮ್ಯಾಲ ಏನೈತಿ ಅಂತ ಕೇಳಿ ಬರೀಬೇಕಿತ್ತು ಅದನ್ನ."

ಮಸರತಳಿಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಕೊಡದ ಗುಟ್ಟು ತಿಳಿದರೂ ಮೊಟ್ಟೆಯ ಗುಟ್ಟು ಹಾಗೆಯೇ ಉಳಿದಿತ್ತು. ತಡೆತಡೆದು ಹೇಳಿದಳು: ಎಂಟು ಮೊಟ್ಟೆ ಹೋಗಿವೆ, ನಿಮ್ಮ ಮೇಲೆ ಗುಮಾನಿ ಇದೆ, ಶನಿವಾರ ಬರೆದುಕೊಡಬೇಕು.

ಭೀಮವ್ವ ಸಿಟ್ಟಾಗಲಿಲ್ಲ. ತುಟಿಗೆ ಬೆರಳಿಟ್ಟುಕೊಂಡು ಎದ್ದಳು. ಹತ್ತು ಹೆಜ್ಜೆ ಮುಂದೆ ಹೋಗಿ, ಒಣ ಹುಲ್ಲಿನಾಚೆಯ ಮಣ್ಣಿನ ಹೆಂಟೆಗಳನ್ನು ತೋರಿಸಿದಳು. ಮಸರತಳಿಗೆ ಹೆಂಟೆಗಳೇ ಕಂಡವು.

"ಅಲ್ಲೇ ನೋಡ್ತಿರು. ಕಣ್ಣು ತಗೀಬ್ಯಾಡ."

ನೋಡುತ್ತ ನಿಂತಳು. ಒಂದು ಹೆಂಟೆಗೆ ಕಣ್ಣಿತ್ತು. ಅದು ಮಿಟುಕಿಸಿತು. ಆಮೇಲೆ ಅದರ ಅಡಿಯಿಂದ ಕಡ್ಡಿಯಂಥ ಎರಡು ಕಾಲು ಬಂದು ಒಂದೇ ಉಸಿರಿಗೆ ಓಡಿ ಇನ್ನೊಂದು ಹೆಂಟೆಯ ಪಕ್ಕ ಕೂತು ಮತ್ತೆ ಮಣ್ಣಾಯಿತು. ಅದರ ಹಿಂದೆ ಇನ್ನೊಂದು. ಮತ್ತೊಂದು.

"ಒಡದು ಹೊರಗ ಬಂದ ದಿನಾನ ಗೂಡು ಬಿಡ್ತಾವ ಇವು," ಭೀಮವ್ವ ಪಿಸುಗುಟ್ಟಿದಳು. "ಚಿಪ್ಪನ್ನ ತಾಯಿ ಕಚ್ಕೊಂಡು ಹೋಗಿ ದೂರ ಒಗೀತೈತಿ. ಯಾರೂ ಒಯ್ದಿಲ್ಲ ನಿನ್ನ ಮೊಟ್ಟಿ. ಕಾಲ್ ಬಂದಾವ."

ಶನಿವಾರ ಮಸರತ ರಿಜಿಸ್ಟರ್ ತೆರೆದು ಬಹಳ ಹೊತ್ತು ಕೂತಳು. ಏನೂ ಬರೆಯದೆ ಬಿಟ್ಟರೆ ಗುಮಾನಿ ಭೀಮವ್ವನ ಮೇಲೆ ಉಳಿಯುತ್ತದೆ. ನಾಯಿ ತಿಂದಿರಬಹುದು ಎಂದರೆ ಯಾರ ಮೇಲೂ ಬರುವುದಿಲ್ಲ, ತನ್ನ ಮೇಲೂ ಬರುವುದಿಲ್ಲ. ನಾಯಿಯ ಯೋಚನೆ ಒಳ್ಳೆಯದೆನಿಸಿತು, ಅದಕ್ಕೇ ಹೆದರಿಕೆಯಾಯಿತು. ಕೆಂಪು ಪೆನ್ನು ತೆಗೆದುಕೊಂಡು ಎರಡೂ ಸಾಲುಗಳನ್ನು ಹೊಡೆದುಹಾಕಿ ಕೆಳಗೆ ಬರೆದಳು: 'ಮೊಟ್ಟೆ ಕಾಣೆಯಾಗಿಲ್ಲ, ಮರಿಯಾಗಿವೆ. ಮೂರು ಮರಿ ಕಂಡೆ. ತಿಳಿಯದೆ ಬರೆದದ್ದು ನನ್ನ ತಪ್ಪು.' ಹೆಸರು ಬರೆದಳು. ಈ ಸಲ ಒಂದೇ ಸಲ ಓದಿದಳು.

ವಿಶ್ವಾರಾಧ್ಯ ಕೆಂಪು ಗೆರೆಯ ಮೇಲೆ ಬೆರಳಾಡಿಸಿದ. "ಕೆಂಪು ಶಾಯಿ ಮ್ಯಾಲಿನವರಿಗೆ ಛಲೋ ಕಾಣಂಗಿಲ್ಲಮ್ಮ. ನನಗ ಮೊದಲ ಬಾಯಿಲೆ ಹೇಳ್ಬೇಕಿಲ್ಲ?"

"ಬರದದ್ದನ್ನ ಬರದೇ ತಿದ್ದಬೇಕಲ್ರಿ ಸರ."

ಅವನು ಅವಳನ್ನೊಮ್ಮೆ ನೋಡಿ ಸಹಿ ಹಾಕಿದ. ಹೊಸ ಆರ್ಡರಿನ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಹೋಗುವ ಮುಂದೆ ಮಾತ್ರ, "ಆದ್ರ ಕೊಡ ಇನ್ನ ಒಳಗ ಬರಂಗಿಲ್ಲ. ರೂಲ್ ಅದ. ಮನಷಾ ಬರ್ಲಿ," ಎಂದ.

ಮರುದಿನ ಆರೂಕಾಲಿಗೆ ಭೀಮವ್ವ ಗೇಟಿಗೆ ಬಂದಳು. ಮಸರತ ರಾತ್ರಿಯಿಂದ ಕಟ್ಟಿಕೊಂಡಿದ್ದ ಮಾತನ್ನು, ಕೊಡ ಇನ್ನು ಒಳಗೆ ಬರುವಂತಿಲ್ಲವೆಂಬುದನ್ನು, ನೆಲ ನೋಡುತ್ತ ಹೇಳಿದಳು. ಭೀಮವ್ವ ಕೊಡವನ್ನು ಇನ್ನಷ್ಟು ಒತ್ತಿ ಹಿಡಿದಳು.

"ಹಂಗಾದ್ರ ನಾ ಏನಂತ ಹೋಗ್ಲಿ?"

ಮಸರತ ಟಿಕೆಟಿನ ಗೂಡಿನಲ್ಲಿ ತನ್ನ ಸ್ಟೂಲಿನ ಮೇಲಿದ್ದ ರಿಜಿಸ್ಟರ್ ತೆಗೆದು ನೆಲಕ್ಕಿಟ್ಟು ಸ್ಟೂಲು ಖಾಲಿ ಮಾಡಿದಳು. "ಇಲ್ಲಿ ಇರ್ತದ್ರಿ ಅವ್ವಾ. ಬರೋ ತನಕ ನಾ ನೋಡ್ಕೋತೀನಿ."

ರಸ್ತೆಯಲ್ಲಿ ಹತ್ತಿ ಹೊಲಕ್ಕೆ ಹೋಗುವ ಹೆಂಗಸರನ್ನು ತುಂಬಿಕೊಂಡು ಟಂಟಂ ಆಟೋ ಬರುತ್ತಿತ್ತು. ಒಬ್ಬಳು ಕೂಗಿ ಕೇಳಿದಳು, "ನೀರಿಗೇನ್ರಿ ಭೀಮವ್ವಾ?" ಭೀಮವ್ವ ಕೊಡ ಎತ್ತಿ ತೋರಿಸಿದಳು. ಟಂಟಂ ದಾಟಿ ಧೂಳು ಕೂರುವ ತನಕ ಹಾಗೆಯೇ ನಿಂತಿದ್ದಳು. ಆಮೇಲೆ ಕೊಡವನ್ನು ಸ್ಟೂಲಿನ ಮೇಲಿಟ್ಟು, ಬಟ್ಟೆಯ ಗಂಟನ್ನೊಮ್ಮೆ ಮುಟ್ಟಿ ನೋಡಿ, ಹಸಿರು ಫಲಕದತ್ತ ಹೊರಟಳು.

ಮೊದಲ ತಿರುವಿನ ತನಕ ಅವಳ ಟೊಂಕ ಎಡಕ್ಕೆ ವಾಲಿಯೇ ಇತ್ತು. ಎಡಗೈ ಮೈಯಿಂದ ದೂರ ನಿಂತು, ಇಲ್ಲದ ಕೊಡದ ಕಂಠವನ್ನು ಬಳಸಿ ಹಿಡಿದಂತೆ ಬಾಗಿತ್ತು. ಎರಡನೆಯ ತಿರುವಿನಲ್ಲಿ ಆ ಕೈ ಕೆಳಗಿಳಿಯಿತು. ಸೆರಗಿನ ತುದಿ ಹಿಡಿದುಕೊಂಡಿತು. ಹಕ್ಕಿಗಳು ಒದರುತ್ತ ಮೇಲೆದ್ದವು. ಕೈ ಸೆರಗನ್ನೂ ಬಿಟ್ಟಿತು.